ಹಳದಿ ದೀಪದ ಜಾತಕ

ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಎಬಿಎಸ್ ದೀಪ ಹೊತ್ತಿಕೊಂಡಿತೆಂದರೆ ಸಲಹೆಗಾರರಿಗೆ ಬರವಿಲ್ಲ. ಪಕ್ಕದ ಮನೆಯವರು ‘ಸೆನ್ಸರ್ ಹೋಗಿದೆ’ ಅನ್ನುತ್ತಾರೆ. ಭಾವಮೈದ ‘ಬ್ಯಾಟರಿ ವೈರು ಬಿಚ್ಚಿ ಹಾಕಿ ಭಾವ, ಸರಿಹೋಗುತ್ತೆ’ ಅನ್ನುತ್ತಾನೆ. ಅತ್ತೆಯವರ ಅನುಮಾನ ಮುಂದೆ ಕಟ್ಟಿದ ನಿಂಬೆಹಣ್ಣಿನ ಮೇಲೆ.

ಗ್ಯಾರೇಜಿನಲ್ಲಿ ಸ್ಕ್ಯಾನರ್ ಚುಚ್ಚಿದರೆ ಜಾತಕ ಹೊರಬೀಳುತ್ತದೆ: ಸಿ0110. ಸಿ ಎಂದರೆ ಚಾಸಿಸ್. ಬ್ರೇಕು, ಸ್ಟೀರಿಂಗು, ಸಸ್ಪೆನ್ಷನ್ ಎಲ್ಲ ಅದೇ ಗೋತ್ರ. ಉಳಿದ ಅಂಕಿಗಳ ಫಲ, ಪಂಪ್ ಮೋಟರಿನ ಸರ್ಕ್ಯೂಟಿನಲ್ಲಿ ದೋಷ. ಈ ಸರ್ಕ್ಯೂಟ್ ಅನ್ನುವುದನ್ನು ಮಾತ್ರ ಯಾರೂ ಓದುವುದಿಲ್ಲ. ‘ಮೋಟರೇ ಚೇಂಜ್ ಮಾಡ್ಬೇಕು ಸಾರ್’ ಎಂದು ಎಸ್ಟಿಮೇಟ್ ಬಂದುಬಿಡುತ್ತದೆ. ಫ್ಯೂಸು, ರಿಲೇ, ಕನೆಕ್ಟರು, ಅರ್ತ್ ವೈರು ಇವನ್ನು ಕೇಳುವವರೇ ಇಲ್ಲ. (ಮಾಮೂಲಿ ಬ್ರೇಕು ಸಾಮಾನ್ಯವಾಗಿ ಹಿಡಿಯುತ್ತಿರುತ್ತದೆ, ಜಾರುವ ರಸ್ತೆಯಲ್ಲಿ ಜೋರಾಗಿ ಒತ್ತಿದರೆ ಚಕ್ರ ಕಚ್ಚಿಕೊಳ್ಳಬಹುದು, ಅಷ್ಟೇ ಭಯ.)

ಮಲ್ಟಿಮೀಟರನ್ನೂ ಪೂರ್ತಿ ನಂಬುವಂತಿಲ್ಲ. ಹತ್ತಾರು ಎಳೆಯ ವೈರಿನಲ್ಲಿ ಒಂದೇ ಎಳೆ ಉಳಿದಿದ್ದರೂ, ಮೋಟರ್ ಸುಮ್ಮನಿರುವಾಗ ಅದು ಗಂಭೀರವಾಗಿ 12 ವೋಲ್ಟ್ ತೋರಿಸುತ್ತದೆ. ಕರೆಂಟ್ ಎಳೆದಾಗಲೇ ಬಣ್ಣ ಬಯಲು. ಅದಕ್ಕೇ ಬಲ್ಲ ಮೆಕ್ಯಾನಿಕ್ ಸ್ಕ್ಯಾನರಿನಿಂದಲೇ ಮೋಟರನ್ನು ಓಡಿಸಿ, ಅದು ಗುರ್ರೆನ್ನುವಷ್ಟರಲ್ಲಿ ಅದರ ಅರ್ತ್ ತುದಿಗೂ ಬ್ಯಾಟರಿಯ ಮೈನಸ್ಸಿಗೂ ಮೀಟರಿನ ಕಡ್ಡಿ ಹಿಡಿಯುತ್ತಾನೆ. ಅಲ್ಲಿ ಒಂದೆರಡು ವೋಲ್ಟ್ ಕಂಡರೆ ಮೋಟರ್ ನಿರಪರಾಧಿ. ಬಾಡಿಗೆ ಬಿಗಿದ ಅರ್ತ್ ಬೋಲ್ಟಿಗೆ ತುಕ್ಕು ಹಿಡಿದಿರುತ್ತದೆ.

ಉಜ್ಜಿ, ಬಿಗಿದು, ಕೋಡ್ ಅಳಿಸಿದರೆ ದೀಪ ಆರುತ್ತದೆ. ಆಮೇಲೆ ಬಿಲ್ಲು ಬರೆಯುವುದೇ ಅವನಿಗೆ ಕಷ್ಟ: ಉಪ್ಪುಕಾಗದ, ಅರ್ಧ ಹಾಳೆ.