74ರ ಹಿಂದಿಂದೋ, ಮುಂದಿಂದೋ?

ದಾವಣಗೆರೆಯಲ್ಲಿ ಅಂಗಡಿ ಇಟ್ಟವರಿಗೆ ಗಿರಾಕಿಯನ್ನು ಮಾತಾಡಿಸುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಬಟ್ಟೆ ಅಂಗಡಿಯವರು ಸೀರೆ ಹರವುವ ಮೊದಲೇ ಟೀ ತರಿಸುತ್ತಾರೆ. ಬೆಣ್ಣೆದೋಸೆಯವರು ಕೇಳದಿದ್ದರೂ ಇನ್ನೊಂದಿಷ್ಟು ಬೆಣ್ಣೆ ಹಾಕುತ್ತಾರೆ. ಮಂಡಕ್ಕಿ ಮಿರ್ಚಿಯವರು ಬಾಯಿ ಬಿಡುವುದೇ ಬೇಡ, ಬಾಣಲೆಯ ವಾಸನೆಯೇ ಕೈಹಿಡಿದು ಎಳೆಯುತ್ತದೆ. ಗಿರಾಕಿ ಮೆಟ್ಟಿಲು ಹತ್ತಿದನಲ್ಲ ಎಂದು ಬೇಜಾರು ಮಾಡಿಕೊಳ್ಳುತ್ತಿದ್ದ ವ್ಯಾಪಾರಿ ಈ ಊರಲ್ಲಿ ಒಬ್ಬರೇ: ಕ್ಯಾಸೆಟ್ ಅಂಗಡಿ ಯಜಮಾನರು.

ಎಂಬತ್ತು, ತೊಂಬತ್ತರ ದಶಕಗಳಲ್ಲಿ ಈ ಯಜಮಾನರು ದಾವಣಗೆರೆಯಲ್ಲೂ ಇದ್ದರು, ಹರಿಹರದಲ್ಲೂ ಇದ್ದರು. ಅಂಗಡಿಗಳ ಹೆಸರು ಬೇರೆ ಬೇರೆ, ಗಂಟು ಹಾಕಿದ ಹುಬ್ಬು ಮಾತ್ರ ಒಂದೇ. ಇಬ್ಬರು ನಿಂತರೆ ತುಂಬಿಹೋಗುವ ಅಂಗಡಿ, ನೆಲದಿಂದ ಸೂರಿನವರೆಗೆ ಕ್ಯಾಸೆಟ್ಟು, ನಡುವೆ ಸ್ಟೂಲಿನ ಮೇಲೆ ಯಜಮಾನರು. ಅವರ ಸ್ವಾಗತ ಒಂದೇ ಶಬ್ದದ್ದು: "ಏನು?"

ಈ "ಏನು"ಗೆ ಸರಿಯಾದ ಉತ್ತರ ಗೊತ್ತಿದ್ದವರು ಊರಲ್ಲಿ ಕಡಿಮೆ. ಏಕೆಂದರೆ ಕ್ಯಾಸೆಟ್ಟುಗಳನ್ನು ಅವರು ಜೋಡಿಸಿದ್ದು ಸಿನಿಮಾದ ಹೆಸರಿನ ಮೇಲಲ್ಲ, ಸಂಗೀತ ನಿರ್ದೇಶಕರ ಮೇಲೆ. ಜಿ.ಕೆ. ವೆಂಕಟೇಶ್, ವಿಜಯಭಾಸ್ಕರ್, ರಾಜನ್-ನಾಗೇಂದ್ರ, ಎಂ. ರಂಗರಾವ್, ಕೆಳಗಿನ ಸಾಲಿನಲ್ಲಿ ಹಂಸಲೇಖ. ನಾಯಕನ ಹೆಸರು ಹೇಳಿದರೆ ಮುಗಿಯಿತು.

"ಯಜಮಾನ್ರೆ, ರವಿಚಂದ್ರನ್ ಹಾಡು ಕೊಡ್ರಿ."

"ರವಿಚಂದ್ರನ್ ಯಾವಾಗ ಹಾಡಿದ?"

"ಅದೇರಿ, ಪ್ರೇಮಲೋಕ..."

"ಹಾಡಿದ್ದು ಎಸ್ಪಿಬಿ, ಯೇಸುದಾಸ್. ರಾಗ ಹಾಕಿದ್ದು ಹಂಸಲೇಖ. ರವಿಚಂದ್ರನ್ ಬೈಕ್ ಓಡ್ಸಿದ. ಬೈಕ್ ಬೇಕಂದ್ರೆ ಶೋರೂಮಿಗೆ ಹೋಗು."

1987ರಲ್ಲಿ ಇಡೀ ಕರ್ನಾಟಕವೇ 'ಪ್ರೇಮಲೋಕ'ದ ಕ್ಯಾಸೆಟ್ಟಿಗೆ ಮುಗಿಬಿದ್ದಿದ್ದಾಗ ನಡೆಯುತ್ತಿದ್ದ ವ್ಯಾಪಾರದ ಧಾಟಿ ಇದು. ರಾಜ್‌ಕುಮಾರ್ ಹಾಡು ಕೇಳಿದರೆ ಇನ್ನೂ ಕಷ್ಟ. "74ರ ಹಿಂದಿಂದೋ, ಮುಂದಿಂದೋ?" ಹತ್ತಿ ಮಾರಲು ಬಂದ ಬಡಪಾಯಿ ರೈತ 74ರಲ್ಲಿ ಏನಾಯಿತೆಂದು ತಲೆ ಕೆರೆದುಕೊಂಡು, "ನನ್ನ ಮದುವಿ ಆತು" ಅಂದದ್ದೂ ಉಂಟು. ಯಜಮಾನರ ಪ್ರಕಾರ ಆ ವರ್ಷ ಆದ ಒಂದೇ ಘಟನೆ 'ಸಂಪತ್ತಿಗೆ ಸವಾಲ್'. ಅಲ್ಲಿಂದ ಮುಂದೆ ರಾಜ್ ತಮ್ಮ ಹಾಡನ್ನು ತಾವೇ ಹಾಡತೊಡಗಿದರು. ಅದಕ್ಕೂ ಹಿಂದಿನದು ಬಹುಪಾಲು ಪಿ.ಬಿ. ಶ್ರೀನಿವಾಸರ ಕಂಠ. ಇಷ್ಟೂ ತಿಳಿಯದವನಿಗೆ ಎರಡರಲ್ಲಿ ಯಾವುದನ್ನು ಕೊಟ್ಟರೂ ದಂಡ ಎಂಬುದು ಅವರ ಖಚಿತ ಅಭಿಪ್ರಾಯ.

ಅಸಲಿ ಪರೀಕ್ಷೆ ಇದ್ದದ್ದು ರೆಕಾರ್ಡಿಂಗ್‌ನಲ್ಲಿ. ಖಾಲಿ ಕ್ಯಾಸೆಟ್ ಕೊಂಡು, ಬೇಕಾದ ಹಾಡುಗಳ ಚೀಟಿ ಬರೆದುಕೊಟ್ಟರೆ ಎರಡು ದಿನ ಬಿಟ್ಟು ತುಂಬಿಸಿ ಕೊಡುತ್ತಿದ್ದರು. (ಕಾನೂನಿನ ಕಣ್ಣಲ್ಲಿ ಇದು ಕಳ್ಳತನವೇ. ಆದರೆ ಇಷ್ಟು ನಿಯತ್ತಾಗಿ ಕಳ್ಳತನ ಮಾಡುವವರನ್ನು ನಾನು ಬೇರೆಲ್ಲೂ ಕಂಡಿಲ್ಲ.) ಚೀಟಿ ಕೈಗೆ ಬಂದ ಕೂಡಲೇ ಕಿವಿಯ ಸಂದಿಯಿಂದ ಕೆಂಪು ಪೆನ್ನು ಇಳಿಯುತ್ತಿತ್ತು. "ಇದು ಬ್ಯಾಡ." ಗೀಟು. "ಇದನ್ನ ಹಾಡು ಅಂತಾರಾ?" ಗೀಟು. "ಇದು ಐತಿ, ಆದ್ರೆ ಇದರ ಪಕ್ಕಕ್ಕೆ ಅದು ಕೂರಲ್ಲ." ಬಾಣದ ಗುರುತು. ಹನ್ನೆರಡು ಹಾಡು ಬರೆದುಕೊಟ್ಟವನಿಗೆ ಏಳು ಉಳಿದರೆ ಪುಣ್ಯ. ಮಿಕ್ಕ ಐದು ಅವರ ಆಯ್ಕೆ, ದುಡ್ಡು ಮಾತ್ರ ನಮ್ಮದು.

ಸಿ-60 ಕ್ಯಾಸೆಟ್ಟಿನಲ್ಲಿ ಒಂದೊಂದು ಬದಿಗೆ 30 ನಿಮಿಷ. ಹಾಡುಗಳೆಲ್ಲ ಸೇರಿ 28ಕ್ಕೆ ಮುಗಿದರೆ ಉಳಿದ ಎರಡು ನಿಮಿಷ ಖಾಲಿ ಬಿಡುವುದು ಯಜಮಾನರ ಜಾಯಮಾನಕ್ಕೆ ಒಗ್ಗದು. ಅಲ್ಲಿಗೆ ಮಲ್ಲಿಕಾರ್ಜುನ ಮನ್ಸೂರರ ವಚನ ಗಾಯನ ತುಂಬುತ್ತಿದ್ದರು. ಹರಿಹರದ ಮದುವೆಯೊಂದರಲ್ಲಿ ಇಂಥ ಕ್ಯಾಸೆಟ್ ಹಾಕಿದ್ದರು. ಒಂದರ ಹಿಂದೊಂದು ಪ್ರೇಮಗೀತೆ, ಹುಡುಗ ಹುಡುಗಿ ನಾಚಿಕೊಂಡು ಊಟದ ಪಂಕ್ತಿಯಲ್ಲಿ ಕೂತಿದ್ದಾರೆ, ಇದ್ದಕ್ಕಿದ್ದಂತೆ ಮೈಕಿನಲ್ಲಿ ವೈರಾಗ್ಯದ ವಚನ ಏರತೊಡಗಿತು. ಹೋಳಿಗೆಗೆ ಕೈ ಹಾಕಿದ್ದ ಹಿರಿಯರೊಬ್ಬರು ಕೈ ಹಿಂದಕ್ಕೆ ತೆಗೆದರು. ಮನ್ಸೂರರ ತಾನ್ ಮೇಲಕ್ಕೆ ಹೋಗುತ್ತಿರುವಾಗಲೇ ಟೇಪು ಮುಗಿದು ಟಕ್ ಎಂದು ನಿಂತಿತು. ಬೀಗರು ದೂರು ಒಯ್ದರೆ ಯಜಮಾನರು, "ಮದುವಿ ಆದೋರಿಗೆ ಅದೂ ಗೊತ್ತಿರ್ಬೇಕು" ಎಂದು ಒಳಗೆ ಹೋದರಂತೆ.

ಅವರು ಮರ್ಯಾದೆ ಕೊಟ್ಟು ಮಾತಾಡಿಸುತ್ತಿದ್ದ ಗಿರಾಕಿಗಳೂ ಇದ್ದರು: ಹರಿಹರದ ಕಿರ್ಲೋಸ್ಕರ್ ಕಾರ್ಖಾನೆಯವರು. ಲೇತ್ ತಯಾರಿಸುವ ಜನಕ್ಕೆ ಸ್ಪೀಡು ಅಂದರೇನೆಂದು ಗೊತ್ತಿರುತ್ತದೆ ಎಂಬುದು ಕಾರಣ. ಕ್ಯಾಸೆಟ್ಟಿನ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು. ಬೆಲ್ಟ್ ಚೂರು ಸಡಿಲವಾದರೆ ಎಸ್. ಜಾನಕಿಗೆ ನೆಗಡಿಯಾದಂತೆ ಕೇಳುತ್ತದೆ. ಯಜಮಾನರು ರಸ್ತೆಯಾಚೆ ಟೀ ಕುಡಿಯುತ್ತಿದ್ದರೂ ಅದು ಕಿವಿಗೆ ಬಿದ್ದು, ಅರ್ಧ ಲೋಟ ಬಿಟ್ಟು ಓಡಿ ಬರುತ್ತಿದ್ದರು. ಸಂಜೆಯಾದರೆ ಬೆರಳಿಗೆ ಹತ್ತಿ ಸುತ್ತಿ, ಸ್ಪಿರಿಟ್ಟಿನಲ್ಲಿ ಅದ್ದಿ, ಟೇಪ್ ರೆಕಾರ್ಡರಿನ ಹೆಡ್ಡನ್ನು ಒರೆಸುತ್ತಿದ್ದರು. ಟೇಪಿನ ಕಂದು ಪುಡಿ ಹತ್ತಿಗೆ ಹತ್ತುವುದು ನಿಲ್ಲುವವರೆಗೂ ಒರೆಸುತ್ತಿದ್ದರು. ಮಿಲ್ಲುಗಳ ಊರು, ಹತ್ತಿಗೇನು ಬರವೇ? ಆ ಹೊತ್ತಿನಲ್ಲಿ ಮಾಸ್ಟರ್ ಹಿರಣ್ಣಯ್ಯನವರ 'ಲಂಚಾವತಾರ' ನಾಟಕದ ಕ್ಯಾಸೆಟ್ ಹಾಕುತ್ತಿದ್ದರು. ಸಾಲ ವಸೂಲಿಗೆ ಹೊರಟವರೂ ಸೈಕಲ್ ನಿಲ್ಲಿಸಿ ಬಿದ್ದು ಬಿದ್ದು ನಗುತ್ತಿದ್ದರು. ಯಜಮಾನರ ಹುಬ್ಬು ಮಾತ್ರ ಸಡಿಲಾಗಲಿಲ್ಲ. ರಸ್ತೆಯವರು ನಕ್ಕು ಮುಗಿಸುವವರೆಗೆ ಪಾಜ್ ಬಟನ್ ಒತ್ತಿ ಕಾಯುತ್ತಿದ್ದರು, ಮುಂದಿನ ಮಾತು ಯಾರಿಗೂ ತಪ್ಪಬಾರದೆಂದು.

ಆಮೇಲಿನದು ಎಲ್ಲ ಊರಿನ ಕಥೆಯೇ. ಕಿರ್ಲೋಸ್ಕರ್ ಬಾಗಿಲು ಹಾಕಿತು, ಎಂಪಿ3 ಸೀಡಿ ಬಂತು. ಒಂದೇ ಸೀಡಿಯಲ್ಲಿ ನೂರೈವತ್ತು ಹಾಡು ಎಂದು ತೋರಿಸಲು ಹೋದ ಹುಡುಗನಿಗೆ, "ನೂರೈವತ್ತು ಕೇಳಾಕೆ ಮನಿಯಾಗೆ ಏನೂ ಕೆಲಸ ಇಲ್ಲೇನಲೇ ತಮ್ಮಾ?" ಎಂದರು. ಈಗ ಆ ಜಾಗದಲ್ಲಿ ಮೊಬೈಲ್ ಕವರ್ ಮಾರುತ್ತಾರೆ. ಮಾರುವ ಹುಡುಗ ನಗುನಗುತ್ತಲೇ "ಬರ್ರಿ ಅಣ್ಣಾ" ಅನ್ನುತ್ತಾನೆ. ಕವರ್ ಮೂರು ತಿಂಗಳಿಗೆ ಹರಿಯುತ್ತದೆ.

ನಿಮ್ಮ ಅಟ್ಟದ ಮೇಲೆ ಕೆಂಪು ಪೆನ್ನಿನ ಅಕ್ಷರವಿರುವ ಕ್ಯಾಸೆಟ್ ಸಿಕ್ಕರೆ ಗುಜರಿಗೆ ಹಾಕಬೇಡಿ. ವರ್ಷಗಟ್ಟಲೆ ಕೂತ ಟೇಪಿನ ಸುತ್ತುಗಳು ಒಂದಕ್ಕೊಂದು ಹಿಡಿದುಕೊಂಡಿರುತ್ತವೆ; ಒಮ್ಮೆ ಪೂರ್ತಿ ಮುಂದಕ್ಕೆ ಓಡಿಸಿ, ಪೂರ್ತಿ ಹಿಂದಕ್ಕೆ ಸುತ್ತಿ, ಆಮೇಲೆ ಹಾಕಿ. ಕೊನೆಯ ಹಾಡು ಮುಗಿಯಿತೆಂದು ಬಂದ್ ಮಾಡಬೇಡಿ. ಅಲ್ಲಿ ಇನ್ನೂ ಎರಡು ನಿಮಿಷ ಮನ್ಸೂರರಿದ್ದಾರೆ.