ಸಸ್ಯಾಹಾರಿಗಳಿಗೆ ಮಾತ್ರ

ಮೈಸೂರಿನ ನಮ್ಮ ಬೀದಿಯಲ್ಲಿ ಬಾಡಿಗೆಗೆ ಮನೆ ಸಿಗುವುದು ಕಷ್ಟವಲ್ಲ, ಅಡುಗೆಮನೆಯ ಪರೀಕ್ಷೆಯಲ್ಲಿ ಪಾಸಾಗುವುದು ಕಷ್ಟ. ಪಕ್ಕದ ಮನೆಯ ಯಜಮಾನರು 'ಮನೆ ಬಾಡಿಗೆಗಿದೆ' ಎಂಬ ಹಲಗೆಯಲ್ಲಿ 'ಸಸ್ಯಾಹಾರಿಗಳಿಗೆ ಮಾತ್ರ' ಎಂದೂ ಬರೆಸಿ, ಸಾಲದೆಂದು ಅಡಿಗೆರೆ ಎಳೆಸಿದ್ದಾರೆ. ಅವರದು ಮೂಲೆ ಸೈಟು. ಹಿಂದಿನ ಅಡ್ಡರಸ್ತೆಯವರೂ ಓದಿಕೊಳ್ಳಲಿ ಎಂದು ಇನ್ನೊಂದು ಹಲಗೆ ಹಿತ್ತಿಲ ಗೋಡೆಯ ಮೇಲೂ ನಿಂತಿದೆ. ಮನೆ ಕೇಳಿಕೊಂಡು ಬಂದವರ ಊರು, ಉದ್ಯೋಗ, ಕುಲಗೋತ್ರವೆಲ್ಲ ವಿಚಾರಿಸಿ, ಕೊನೆಗೆ ಸುತ್ತ ನೋಡಿ, ದನಿ ತಗ್ಗಿಸಿ "ಮೊಟ್ಟೆ?" ಎನ್ನುತ್ತಾರೆ. ಎಂಥೆಂಥ ಇಂಜಿನಿಯರುಗಳು ಆ ಒಂದು ಪ್ರಶ್ನೆಗೆ ತಡವರಿಸಿ ಗೇಟು ದಾಟಿ ಹೋಗಿದ್ದಾರೆ.

ಇಂಥ ನೆರೆಯಲ್ಲಿ, ಮುಂಗಡದ ಮಾತೇ ಎತ್ತದೆ, ನಮ್ಮ ಹಿತ್ತಿಲ ನುಗ್ಗೆಮರಕ್ಕೆ ಒಬ್ಬ ಬಂದು ಕೂತ.

ಮೊದಲು ಕಂಡದ್ದು ಬಟ್ಟೆ ಒಣಗಿಸುತ್ತಿದ್ದ ನನ್ನ ಹೆಂಡತಿಗೆ. "ರೀ, ಪಾರಿವಾಳದ ಥರ ಏನೋ ಕೂತಿದೆ. ಆದರೆ ಪಾರಿವಾಳ ಹೀಗೆ ಗುರಾಯಿಸಲ್ಲ" ಎಂದಳು. ನಾನು ಹೋಗಿ ನೋಡಿದೆ. ಬೂದು ಬೆನ್ನು, ಎದೆಯ ತುಂಬ ಕಂದುಗೆಂಪಿನ ಸಣ್ಣ ಅಡ್ಡಗೆರೆ, ಗಂಟಲ ನಡುವೆ ಮಾಸಲು ಗೀಟು, ಕೊಕ್ಕೆಯಂತೆ ಬಾಗಿದ ಕೊಕ್ಕು. ಮತ್ತೆ ಆ ಕಣ್ಣು! ನಾನು ಆ ತಿಂಗಳ ಕರೆಂಟ್ ಬಿಲ್ ಕಟ್ಟಿಲ್ಲವೆಂಬುದು ಅದಕ್ಕೆ ಗೊತ್ತಿದ್ದಂತಿತ್ತು.

ಅಷ್ಟರಲ್ಲಿ ನಮ್ಮತ್ತೆ ಸೆರಗು ಸರಿಮಾಡಿಕೊಂಡು, ಎರಡೂ ಕೈ ಕೆನ್ನೆಯ ಹತ್ತಿರ ತಂದು, "ಗರುಡಾನೇನೋ? ಕತ್ತು ಬೆಳ್ಳಗಿದೆಯಾ?" ಎಂದರು. ಬೆಳ್ಳಗಿಲ್ಲ ಎಂದೆ. ಬೆಳ್ಳನೆ ತಲೆಯ, ಇಟ್ಟಿಗೆ ಬಣ್ಣದ ಮೈಯ ಗರುಡನಿಗೆ ಸಲ್ಲಬೇಕಾದ ನಮಸ್ಕಾರ ಅರ್ಧದಲ್ಲೇ ಹಿಂದಕ್ಕೆ ಹೋಯಿತು. "ಹಾಗಾದರೆ ಹಪ್ಪಳ ಒಳಗೆ ತಗೊಳ್ಳಿ" ಎಂದು ಅಪ್ಪಣೆಯಾಯಿತು.

ಪಕ್ಷಿತಜ್ಞ ಸಲೀಂ ಅಲಿಯವರ ಹಕ್ಕಿಗಳ ಪುಸ್ತಕ 1941ರಲ್ಲಿ ಮೊದಲು ಅಚ್ಚಾದದ್ದು. ನನ್ನಲ್ಲಿರುವುದು ಅದರ ಮುಂದಿನ ಯಾವುದೋ ಮುದ್ರಣ, ಬೆನ್ನು ಕಿತ್ತುಹೋಗಿದೆ. ಅದನ್ನು ತಿರುವಿ, ಬಂದವನು ಶಿಕ್ರಾ, ನಮ್ಮ ಕಡೆಯ ಬಿಜ್ಜು, ಎಂದು ಗೊತ್ತುಮಾಡಿದೆ. ಇದು ಹೇಳಿದಷ್ಟು ಸುಲಭವಲ್ಲ. ಕೂಗು ಕೇಳಿ ಗುರುತಿಸೋಣವೆಂದರೆ ಕಾಜಾಣ ಬಿಜ್ಜುವಿನ ಕೂಗನ್ನು ಅಣಕಿಸುತ್ತದೆ. ಉಡುಪು ನೋಡಿ ಗುರುತಿಸೋಣವೆಂದರೆ ಒಂದು ಜಾತಿಯ ಕೋಗಿಲೆ ಥೇಟ್ ಇದೇ ಬೂದು ಅಂಗಿ, ಇದೇ ಗೆರೆಗಳನ್ನು ತೊಟ್ಟು ಓಡಾಡುತ್ತದೆ, ಅದೂ ಹರಟೆಮಲ್ಲಗಳ ಗೂಡಿನಲ್ಲಿ ಕದ್ದು ಮೊಟ್ಟೆಯಿಡುವ ಕಸುಬಿನದು. ಕೊನೆಗೆ ಕೊಕ್ಕನ್ನೇ ನಂಬಬೇಕು. ಪುಸ್ತಕದ ಪ್ರಕಾರ ಕಣ್ಣು ಕೆಂಪಗಿದ್ದರೆ ಗಂಡು, ಹಳದಿಗೆ ತಿರುಗಿದ್ದರೆ ಹೆಣ್ಣು. ಗಾತ್ರದಲ್ಲಿ ಹೆಣ್ಣೇ ದೊಡ್ಡದು ಎಂಬ ಭಾಗವನ್ನು ನಾನು ಗಟ್ಟಿಯಾಗಿ ಓದಬೇಕಾಗಿರಲಿಲ್ಲ. "ಅದರಲ್ಲೇನು ವಿಶೇಷ?" ಎಂದಳು ಹೆಂಡತಿ.

ನಮ್ಮದು ಗಂಡು. ಉದ್ದ ಹೆಚ್ಚೆಂದರೆ 30 ಸೆಂಟಿಮೀಟರು. ಆದರೆ ಅಷ್ಟರ ಹಕ್ಕಿಗೆ ಹಿತ್ತಿಲು ಕೊಟ್ಟ ಮರ್ಯಾದೆ ನೋಡಬೇಕಿತ್ತು. ದಿನವಿಡೀ ಗಂಟಲು ಹರಿದುಕೊಳ್ಳುವ ಹರಟೆಮಲ್ಲಗಳು ದಾಸವಾಳದ ಬುಡದಲ್ಲಿ ಗಪ್‌ಚಿಪ್. ಪಿಕಳಾರಗಳು ನಾಪತ್ತೆ. ಬೆಕ್ಕಿಗೇ ಬೈದು ಬುದ್ಧಿ ಹೇಳುವ ಅಳಿಲು ತೆಂಗಿನ ಕಾಂಡಕ್ಕೆ ಅಂಟಿಕೊಂಡು, ತಾನೂ ತೊಗಟೆಯೇ ಎಂದು ಸಾಧಿಸಲು ಹೊರಟಿತ್ತು. ಕಾಗೆಗಳು ಮಾತ್ರ ಸಂಘ ಕಟ್ಟಿಕೊಂಡು ಬಂದು ಧಿಕ್ಕಾರ ಕೂಗಿದವು. ಬಿಜ್ಜು ಬಾಲ ಕೊಡವಿ ಇನ್ನೊಂದು ಕೊಂಬೆಗೆ ಕೂತಿತು, ಅಷ್ಟೆ.

ನನ್ನ ವರ್ಚಸ್ಸೂ ಏರಿತು. ಹಾಲಿನವನು ಕೂಡ "ನಿಮ್ಮ ಗಿಡುಗ ಹೇಗಿದೆ ಸಾರ್?" ಎನ್ನತೊಡಗಿದ. ಎದುರುಮನೆಯ ಹುಡುಗ ಅದನ್ನು ಹಿಡಿದು ಪಳಗಿಸೋಣ ಎಂದು ಕಣ್ಣರಳಿಸಿದ. ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ 'ಮಾನಸೋಲ್ಲಾಸ' ಬರೆದಾಗ ರಾಜರ ವಿನೋದಗಳಲ್ಲಿ ಶ್ಯೇನವಿನೋದವನ್ನೂ ಸೇರಿಸಿದ್ದಾನೆ. ಗಿಡುಗ ಸಾಕಿ ಬೇಟೆಯಾಡಿಸುವುದು ದೊರೆಗಳ ಆಟವಾಗಿತ್ತು. ಪಳಗಿಸಲು ಸುಲಭವೆಂದು ಬಿಜ್ಜುವಿಗೂ ಬೇಟೆಗಾರರಲ್ಲಿ ಬೇಡಿಕೆಯಿತ್ತು. ಈಗ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಅಡ್ಡ ನಿಂತಿದೆ. ನಾನು ಹುಡುಗನಿಗೆ ಸೋಮೇಶ್ವರನನ್ನು ಬಿಟ್ಟು ಕಾಯಿದೆಯನ್ನಷ್ಟೇ ಹೇಳಿದೆ.

ಆದರೆ ಗಿಡುಗ ಬರುವುದು ನಮ್ಮ ವರ್ಚಸ್ಸಿಗಲ್ಲ, ಊಟಕ್ಕೆ. ಒಂದು ಭಾನುವಾರ ಹಿತ್ತಿಲ ಗೋಡೆಯ ಮೇಲೆ ಓತಿಕ್ಯಾತವೊಂದು ಕತ್ತು ಕುಣಿಸುತ್ತಾ ಬಿಸಿಲು ಕಾಯುತ್ತಿತ್ತು. ನುಗ್ಗೆಯಿಂದ ಬಿಜ್ಜು ಜಾರಿದ್ದು, ನೆಲ ಸವರಿ ಹಾರಿದ್ದು, ಮೇಲೆದ್ದದ್ದು ಒಂದೇ ಗೀಟು. ಮರುಕ್ಷಣ ಓತಿ ಅದರ ಉಗುರಲ್ಲಿತ್ತು. ಕೂತು ಉಣ್ಣಲು ಅದು ಆರಿಸಿಕೊಂಡ ಜಾಗವೋ, 'ಸಸ್ಯಾಹಾರಿಗಳಿಗೆ ಮಾತ್ರ'ದ ಹಲಗೆ. 'ಮಾತ್ರ'ದ ನೆತ್ತಿಯ ಮೇಲೇ ಸಾವಕಾಶವಾಗಿ ಭೋಜನ ಶುರುವಾಯಿತು.

ಯಜಮಾನರು ಕಾಫಿ ಲೋಟ ಹಿಡಿದು ಹೊರಗೆ ಬಂದರು. "ಹುಶ್" ಎಂದರು. ಕೆಂಪು ಕಣ್ಣು ಅವರತ್ತ ತಿರುಗಿತು. ಅವರು ಲೋಟದೊಂದಿಗೆ ಎರಡು ಹೆಜ್ಜೆ ಹಿಂದೆ ಸರಿದು, ನನ್ನ ಮೇಲೆ ತಿರುಗಿದರು.

"ಇದು ನಿಮ್ಮ ಮನೇದಲ್ವೇನ್ರೀ?"

"ವಾಸ ನಮ್ಮಲ್ಲಿ, ಊಟ ನಿಮ್ಮಲ್ಲಿ."

"ಎಷ್ಟು ದಿನ ಇರುತ್ತೆ?"

"ಹೇಳೋಕಾಗಲ್ಲ. ಜೋಡಿ ಸಿಕ್ಕರೆ ಬೇಸಿಗೆಯಲ್ಲಿ ಕಡ್ಡಿ ಜೋಡಿಸಿ ಗೂಡು ಕಟ್ಟುತ್ತೆ. ಆಮೇಲೆ ಮೂರೋ ನಾಲ್ಕೋ..."

ಯಜಮಾನರು ಸುತ್ತ ನೋಡಿದರು. ದನಿ ತಗ್ಗಿಸಿದರು. "ಮೊಟ್ಟೆ?"

ಈ ಊಟದ ಸುದ್ದಿ ಕೇಳಿ ಅತ್ತೆ ಮೂಗು ಮುರಿಯುತ್ತಾರೆ ಎಂದುಕೊಂಡಿದ್ದೆ. ಅವರು ಕೇಳಿದ್ದು ಬೇರೆ. "ಅದು ಇಲಿ ತಿನ್ನುತ್ತಾ?" ನಮ್ಮ ಎಳನೀರನ್ನು ಕಾಯಾಗಲು ಬಿಡದ ಹೆಗ್ಗಣ, ಇಲಿಗಳ ಮೇಲೆ ಅವರದು ಹಳೆಯ ವ್ಯಾಜ್ಯ. ಸಣ್ಣ ಇಲಿ ಸಿಕ್ಕರೆ ತಿನ್ನುತ್ತೆ, ಆದರೆ ಇದರದು ಹಗಲು ಪಾಳಿ, ಇಲಿಗಳದು ರಾತ್ರಿ, ಎಂದೆ. ರಾತ್ರಿ ಪಾಳಿಗೆ ಯಾರೂ ಇಲ್ಲವೇ ಎಂದರು. ಇದ್ದಾರೆ, ಕಣಜ ಗೂಬೆ, ಅದರ ಊಟವೆಲ್ಲ ಬಹುಪಾಲು ಇಲಿಯೇ, ಎಂದೆ.

ಗೂಬೆ ಮನೆ ಹೊಕ್ಕಿತೆಂದು ತವರಿನಲ್ಲಿ ಮನೆಗೆ ಬೀಗ ಹಾಕಿ ತಿಂಗಳುಗಟ್ಟಲೆ ಚಿಕ್ಕಪ್ಪನ ಮನೆಯಲ್ಲಿದ್ದು ಬಂದವರು ಅವರು. ಬಹಳ ಹೊತ್ತು ತೆಂಗಿನ ಮರ ನೋಡಿದರು. ಬುಡದಲ್ಲಿ ಇಲಿ ಕೊರೆದ ಎಳೆಗಾಯಿಗಳು ಬಿದ್ದಿದ್ದವು.

"ಹಿತ್ತಿಲ ತನಕ ಬರಲಿ" ಎಂದರು. "ಒಳಗೆ ಬೇಡ. ಮತ್ತೆ ಪುರೋಹಿತರಿಗೆ ಹೇಳಬೇಡ."