ವಿಷ ಹಾಕದ ತಪ್ಪಿಗೆ

ಹೆಬ್ಬೆಟ್ಟು ಒತ್ತಿದರೆ ಯೂರಿಯಾ ಸಿಗುತ್ತದೆ. 45 ಕಿಲೋ ಮೂಟೆಗೆ 242 ರೂಪಾಯಿ, ಮೇಲೆ ಬೇವಿನ ಲೇಪನ, ತೆರಿಗೆ ಅಂತ ಒಂದಿಷ್ಟು ಚಿಲ್ಲರೆ. ಉಳಿದದ್ದು ಸರ್ಕಾರದ ಲೆಕ್ಕ. ಅದನ್ನು ಹೊಲಕ್ಕೆ ಎಷ್ಟು ಸುರಿದೆ ಅಂತ ಯಾರೂ ಕೇಳುವುದಿಲ್ಲ.

ತಿಪ್ಪೆಗೊಬ್ಬರ ಹಾಕಿ ಬೆಳೆದದ್ದನ್ನು 'ಸಾವಯವ' ಅಂತ ಮಾರುವವನು ಮಾತ್ರ ಕಡತ ಹಿಡಿದು ನಿಲ್ಲಬೇಕು. 'ನಾನು ವಿಷ ಹಾಕಿಲ್ಲ ಸ್ವಾಮಿ' ಅಂತ ಸಾಬೀತು ಮಾಡಬೇಕು. ಹಾಕಿದವನಿಗೆ ಆ ತಾಪತ್ರಯವೇ ಇಲ್ಲ. ಅವನು ಹೊಡೆಯುವುದಕ್ಕೆ ನಾವು 'ಔಷಧಿ' ಅಂತಲೇ ಹೆಸರಿಟ್ಟಿದ್ದೇವಲ್ಲ!

2001ರಲ್ಲಿ ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮ ಬಂತು. ತಂದದ್ದು ವಾಣಿಜ್ಯ ಸಚಿವಾಲಯ. ಕಣ್ಣಿದ್ದದ್ದು ರಫ್ತಿನ ಮೇಲೆ. ಎರಡೆಕರೆ ರಾಗಿಯವನು ಅದರ ಪ್ರಮಾಣಪತ್ರಕ್ಕಾಗಿ ಇನ್‌ಸ್ಪೆಕ್ಟರ್ ಫೀಜು, ಓಡಾಟದ ಖರ್ಚು ಕಟ್ಟಿ ಮುಗಿಸುವಷ್ಟರಲ್ಲಿ ಕಣಜ ಬರಿದು.

ಅದಕ್ಕೇ ಬದಲಿ ದಾರಿ, ಪಿಜಿಎಸ್; ಅಂದರೆ ರೈತರೇ ಒಬ್ಬರಿಗೊಬ್ಬರು ಖಾತರಿ ಕೊಡುವ ಪದ್ಧತಿ. 2011ರಲ್ಲಿ ಕೃಷಿ ಸಚಿವಾಲಯವೂ ಒಪ್ಪಿಕೊಂಡಿತು. ಕನಿಷ್ಠ ಐದು ಜನ ರೈತರು ಗುಂಪಾಗಬೇಕು, ಪ್ರತಿಜ್ಞೆ ಮಾಡಬೇಕು, ಒಬ್ಬರ ಹೊಲಕ್ಕೆ ಇನ್ನೊಬ್ಬರು ಹೋಗಿ ನೋಡಬೇಕು. ಒಳ್ಳೆಯ ಯೋಚನೆ, ಸುಳ್ಳೇಕೆ ಹೇಳಲಿ. ರಾತ್ರಿ ಕದ್ದು ಔಷಧಿ ಹೊಡೆದರೆ ಮೊದಲು ವಾಸನೆ ಹಿಡಿಯುವವನು ಪಕ್ಕದ ಹೊಲದವನೇ.

ಆದರೆ ಮಾತಿನ ಮೇಲೆ ನಂಬಿಕೆ ಇಡಲು ನಮ್ಮ ಸರ್ಕಾರಕ್ಕೆ ಜೀವ ತಡೆಯುತ್ತದೆಯೇ? ಗುಂಪಿನ ಕಡತ ಆನ್‌ಲೈನ್‌ಗೆ ಏರಿತು, ನಂಬಿಕೆಗೂ ಪಾಸ್‌ವರ್ಡ್ ಬಂತು. ಬಸವನ ಸಗಣಿ ಎತ್ತಿದ ಕೈ ಈಗ ಸೈಬರ್ ಸೆಂಟರ್‌ನಲ್ಲಿ ಓಟಿಪಿಗೆ ಕಾಯುತ್ತದೆ.

ಇಷ್ಟಾದರೂ ಪಿಜಿಎಸ್ ಕೊಡುವ ಚೀಟಿ ರಫ್ತಿಗೆ ನಡೆಯದು. ನೆರೆಯವನ ಸಾಕ್ಷಿ ನಮ್ಮ ಹೊಟ್ಟೆಗೆ ಸಾಕು, ಪರದೇಶಿಯ ಹೊಟ್ಟೆಗೆ ಸಾಲದು.

ಇನ್ನು 2017ರ ಆಹಾರ ಸುರಕ್ಷತಾ ನಿಯಮದ ಔದಾರ್ಯ ನೋಡಿ. ವರ್ಷಕ್ಕೆ 12 ಲಕ್ಷ ವಹಿವಾಟು ಮೀರದ ಸಣ್ಣ ಬೆಳೆಗಾರ ನೇರವಾಗಿ ಗಿರಾಕಿಗೆ ಮಾರಿದರೆ ಪ್ರಮಾಣಪತ್ರ ಬೇಡವಂತೆ. ಆದರೆ ಸಾವಯವ ಅಂತ ಸಾರುವ 'ಜೈವಿಕ್ ಭಾರತ್' ಮುದ್ರೆ ಒತ್ತುವಂತಿಲ್ಲ. ಗಿರಾಕಿ ಕೇಳುವುದು ಆ ಮುದ್ರೆಯನ್ನೇ. ಕಾರಿನಿಂದ ಇಳಿದು, ಸೊಪ್ಪಿನ ಕಟ್ಟು ತಿರುಗಿಸಿ ನೋಡಿ, 'ಸರ್ಟಿಫಿಕೇಟ್ ಇದೆಯಾ?' ಅನ್ನುತ್ತಾರೆ. ಇದ್ದರೆ ಐದು ರೂಪಾಯಿ ಕಮ್ಮಿ ಮಾಡು ಅನ್ನುತ್ತಾರೆ. ಅಲ್ಲಿಂದ ನೇರ ಮಾಲ್‌ಗೆ ಹೋಗಿ, ಹಸಿರು ಎಲೆಯ ಚಿತ್ರ ಇದೆಯೆಂದು 'ನ್ಯಾಚುರಲ್' ಪೊಟ್ಟಣವನ್ನು ಬುಟ್ಟಿಗೆ ಹಾಕಿಕೊಳ್ಳುತ್ತಾರೆ. ಅಲ್ಲಿ ಪ್ರಶ್ನೆಯೂ ಇಲ್ಲ, ಚೌಕಾಸಿಯೂ ಇಲ್ಲ.

ಎಲ್ಲಕ್ಕಿಂತ ಮಜಾ ಇರುವುದು ಬದುವಿನಲ್ಲಿ. ಪಕ್ಕದ ಹೊಲದ ಔಷಧಿ ಗಾಳಿಯಲ್ಲಿ ಹಾರಿ ಬರಬಾರದಲ್ಲ? ಅದನ್ನು ತಡೆಯಬೇಕಾದವನು ಹೊಡೆಯುವವನಲ್ಲ, ಹೊಡೆಯದವನು. ತನ್ನದೇ ನೆಲದ ಅಂಚು ಬಿಟ್ಟುಕೊಟ್ಟು, ತನ್ನದೇ ದುಡ್ಡಿನಲ್ಲಿ ಬೇಲಿಗಿಡ ನೆಡಬೇಕು.

ಅತ್ತ ಕಡೆಯವನು ಬೆನ್ನಿಗೆ ಪಂಪು ಏರಿಸಿಕೊಂಡು ಬದುವಿನುದ್ದಕ್ಕೂ ನಡೆಯುತ್ತಾನೆ. ಗಾಳಿ ಯಾವ ಕಡೆ ಬೀಸುತ್ತಿದೆ ಅಂತ ಅವನನ್ನು ಕೇಳುವ ಫಾರಂ ಇನ್ನೂ ಅಚ್ಚಾಗಿಲ್ಲ.